ಓದುಗರು ಕೇಳಿದ್ದು: ಮ್ಯಾಕ್‌ನೊಳಗೆ ವಿಂಡೋಸ್

ಪ್ರಶ್ನೆ: ಒಳಾಂಗಣ ವಿನ್ಯಾಸ ಓದುತ್ತಿದ್ದೇನೆ. ನನ್ನದು ಎಂ2 ಮ್ಯಾಕ್‌ಬುಕ್ ಏರ್, 8 ಜಿಬಿ ರ‍್ಯಾಮ್. ಕಟ್ಟಡ ವಿನ್ಯಾಸದ ವಿಂಡೋಸ್ ತಂತ್ರಾಂಶ ರೆವಿಟ್ ಹಾಕಲು, ಮ್ಯಾಕ್‌ನಲ್ಲಿ ವಿಂಡೋಸ್ ಓಡಿಸುವ ಆಪಲ್‌ನ ಬೂಟ್ ಕ್ಯಾಂಪ್ ಹುಡುಕಿದರೆ ಸಿಗುತ್ತಿಲ್ಲ. ಬೇರೆ ದಾರಿ ಇದೆಯೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಬೂಟ್ ಕ್ಯಾಂಪ್ ಇರುವುದು ಇಂಟೆಲ್ ಮ್ಯಾಕ್‌ಗಳಿಗೆ ಮಾತ್ರ. 2020ರಲ್ಲಿ ಆಪಲ್‌ನ ಸ್ವಂತ ಚಿಪ್ ಎಂ1 ಬಂದಾಗಲೇ ಆ ದಾರಿ ಮುಚ್ಚಿತು. ಈಗ ಉಳಿದಿರುವುದು ವರ್ಚುವಲ್ ಮಷೀನ್ (ತಂತ್ರಾಂಶವೇ ಮ್ಯಾಕ್‌ನೊಳಗೆ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್), ಅದರೊಳಗೆ ವಿಂಡೋಸ್ 11ರ ಆರ್ಮ್ ಆವೃತ್ತಿ (ಎಂ ಚಿಪ್‌ಗಳ ಬಗೆಯ ಪ್ರೊಸೆಸರ್‌ಗೆ ಬರೆದದ್ದು). ರೆವಿಟ್ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗಾಗಿ ಬರೆದದ್ದು. ಅದನ್ನು ಓಡಿಸುತ್ತಲೇ ಆರ್ಮ್‌ಗೆ ಬದಲಾಯಿಸಿಕೊಳ್ಳುವ ಕೆಲಸ ವಿಂಡೋಸ್‌ನದು, ವೇಗ ಸೋರುವುದು ಅಲ್ಲೇ. ಈ ಏರ್ಪಾಡಿಗೆ ರೆವಿಟ್ ತಯಾರಿಸುವ ಆಟೋಡೆಸ್ಕ್‌ನ ಅಧಿಕೃತ ಬೆಂಬಲವೂ ಇಲ್ಲ.

ವರ್ಚುವಲ್ ಮಷೀನ್ ಮಾಡಿಕೊಡುವ ತಂತ್ರಾಂಶಗಳಲ್ಲಿ ಪ್ಯಾರಲಲ್ಸ್‌ಗೆ ದುಡ್ಡು ಕೊಡಬೇಕು. ವಿಎಂವೇರ್ ಫ್ಯೂಷನ್ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ. ಎರಡರಲ್ಲೂ 3ಡಿ ಚಿತ್ರಕ್ಕೆ ಬೇಕಾದ ಡೈರೆಕ್ಟ್‌ಎಕ್ಸ್ 11 ಸಿಗುತ್ತದೆ. ಯುಟಿಎಂ ಕೂಡ ಉಚಿತವೇ, ಆದರೆ ವಿಂಡೋಸ್‌ಗೆ 3ಡಿ ವೇಗವರ್ಧನೆ ಕೊಡುವುದಿಲ್ಲ. ಮಾಡೆಲ್ ತಿರುಗಿಸಲು ಹೋದರೆ ಪರದೆ ತಡವರಿಸುತ್ತದೆ, ಬೇಡ.

ನಿಜವಾದ ತೊಡಕು ನಿಮ್ಮ ರ‍್ಯಾಮ್. ವರ್ಚುವಲ್ ಮಷೀನ್‌ಗೆ 4 ಜಿಬಿ ಕೊಟ್ಟರೆ ವಿಂಡೋಸ್ ಎದ್ದು ನಿಲ್ಲುತ್ತದೆ, ರೆವಿಟ್ ಮುಗ್ಗರಿಸುತ್ತದೆ. 6 ಕೊಟ್ಟರೆ ಮ್ಯಾಕ್‌ಗೇ ಸಾಲದೆ ಉಕ್ಕಿದ್ದೆಲ್ಲ ಅದಕ್ಕಿಂತ ನಿಧಾನದ ಸಂಗ್ರಹ ಎಸ್‌ಎಸ್‌ಡಿ ಮೇಲೆ ಬೀಳುತ್ತದೆ, ಎರಡೂ ಕಡೆ ಕೆಲಸ ನಿಧಾನ. ಹಾಗಾಗಿ ಇದೇ ಲ್ಯಾಪ್‌ಟಾಪ್‌ಗಾಗಿ ಪ್ಯಾರಲಲ್ಸ್ ಕೊಳ್ಳಬೇಡಿ, ರೆವಿಟ್ ಕೆಲಸವನ್ನು ಕಾಲೇಜಿನ ಲ್ಯಾಬ್‌ನಲ್ಲೇ ಮುಗಿಸಿ. ಮುಂದೆ ಮ್ಯಾಕ್ ಬದಲಾಯಿಸುವುದಾದರೆ 24 ಜಿಬಿಯದು ನೋಡಿ, ಅದರಲ್ಲಿ 12 ಜಿಬಿ ವಿಂಡೋಸ್‌ಗೆ ಬಿಡಬಹುದು. ಪ್ಯಾರಲಲ್ಸ್‌ನ ಸ್ಟ್ಯಾಂಡರ್ಡ್ ಆವೃತ್ತಿ 8 ಜಿಬಿಗಿಂತ ಹೆಚ್ಚು ಕೊಡಲು ಬಿಡುವುದಿಲ್ಲ, ಪ್ರೊ ಬೇಕಾಗುತ್ತದೆ. ಏರ್‌ನಲ್ಲಿ ಫ್ಯಾನ್ ಇಲ್ಲ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ರೆಂಡರ್‌ಗೆ (ಮಾಡೆಲ್‌ನಿಂದ ಚಿತ್ರ ತೆಗೆಯಲು) ಕೂತರೆ ಚಿಪ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಮುದ್ರಣಾಲಯದಲ್ಲಿ ಮದುವೆ ಕಾಗದಗಳನ್ನು ಪ್ಯಾರಲಲ್ಸ್‌ನೊಳಗಿನ ಕೋರಲ್ ಡ್ರಾದಲ್ಲಿ, ನುಡಿ ಫಾಂಟ್ ಬಳಸಿ ಮಾಡುತ್ತೇವೆ. ಅದೇ ಫೈಲನ್ನು ಮ್ಯಾಕ್‌ನ ಕೋರಲ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು.
– ಉಡುಪಿ

ಉತ್ತರ: ನುಡಿಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ವಿಂಡೋಸ್‌ನೊಳಗೆ ಹಾಕಿದ ಫಾಂಟ್ ಮ್ಯಾಕ್‌ಗೆ ಕಾಣುವುದಿಲ್ಲ, ಅದಕ್ಕೇ ಬುಡದ ಇಂಗ್ಲಿಷ್ ಬಯಲಾಗುತ್ತದೆ. ಅದೇ ಫಾಂಟ್‌ನ ಟಿಟಿಎಫ್ ಫೈಲನ್ನು ಮ್ಯಾಕ್‌ನ ಫಾಂಟ್ ಬುಕ್‌ಗೂ ಸೇರಿಸಿ. ಮುದ್ರಣದ ಪ್ಲೇಟ್‌ಗೆ ಕಳಿಸುವ ಪ್ರತಿಯಲ್ಲಿ, ಪ್ಯಾರಲಲ್ಸ್‌ನೊಳಗಿನ ಕೋರಲ್‌ನಲ್ಲೇ, ಅಕ್ಷರ ಪೂರ್ತಿ ಆಯ್ಕೆಮಾಡಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ಸ್ (ಫಾಂಟ್ ಬೇಡದ ಬರಿಯ ಆಕಾರ) ಮಾಡಿ. ಬೆರಳು ತಪ್ಪಿ ಕಮಾಂಡ್-ಕ್ಯೂ ಒತ್ತಬೇಡಿ. ಪ್ಯಾರಲಲ್ಸ್ ಅದನ್ನು ಆಲ್ಟ್-ಎಫ್4 ಎಂದು ವಿಂಡೋಸ್‌ಗೆ ಕಳಿಸುತ್ತದೆ, ಕೋರಲ್ ಮುಚ್ಚಲು ಹೊರಡುತ್ತದೆ. ಪ್ಯಾರಲಲ್ಸ್ ಸೆಟ್ಟಿಂಗ್ಸ್‌ನ ಶಾರ್ಟ್‌ಕಟ್ಸ್‌ನಲ್ಲಿ ಆ ಜೋಡಿಯ ಗುರುತು ತೆಗೆದುಬಿಡಿ. ಕರ್ವ್ಸ್ ಮಾಡಿದ ಮೇಲೆ ಅಕ್ಷರ ತಿದ್ದಲಾಗದು, ವಧೂವರರ ಹೆಸರಿನ ತಿದ್ದುಪಡಿ ಕೊನೇ ಗಳಿಗೆಯಲ್ಲೇ ಬರುವುದು, ಮೂಲ ಪ್ರತಿಯನ್ನು ಬೇರೆಯೇ ಇಡಿ.

ಪ್ರಶ್ನೆ: ಕಸೂತಿ ಡಿಸೈನ್ ಸಾಫ್ಟ್‌ವೇರ್ ಎಂ3 ಮ್ಯಾಕ್‌ನ ಪ್ಯಾರಲಲ್ಸ್‌ನೊಳಗೆ ಇನ್‌ಸ್ಟಾಲ್ ಆಯಿತು, ಆದರೆ ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ) ಕಾಣುತ್ತಿಲ್ಲ ಎನ್ನುತ್ತದೆ.
– ಮಂಗಳೂರು

ಉತ್ತರ: ಮೊದಲು ಪ್ಯಾರಲಲ್ಸ್‌ನ ಡಿವೈಸಸ್ ಮೆನುವಿನಲ್ಲಿ ಡಾಂಗಲ್ ವಿಂಡೋಸ್ ಕಡೆ ಇದೆಯೇ ನೋಡಿ. ಇದ್ದೂ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಚಿಹ್ನೆ ಬಂದರೆ ದೋಷ ಡ್ರೈವರ್‌ನದು (ಸಾಧನವನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶ). ಇಂಟೆಲ್‌ಗೆ ಬರೆದ ಸಾಫ್ಟ್‌ವೇರನ್ನು ಆರ್ಮ್ ವಿಂಡೋಸ್ ಹೇಗೋ ಓಡಿಸುತ್ತದೆ, ಇಂಟೆಲ್‌ಗೆ ಬರೆದ ಡ್ರೈವರನ್ನು ಓಡಿಸುವುದೇ ಇಲ್ಲ. ಮಾರಾಟಗಾರರಲ್ಲಿ ಆರ್ಮ್64 ಡ್ರೈವರ್, ಇಲ್ಲವೇ ಡಾಂಗಲ್ ಬೇಡದ ಆನ್‌ಲೈನ್ ಲೈಸೆನ್ಸ್ ಕೇಳಿ. ಎರಡೂ ಇಲ್ಲವೆಂದರೆ ಆ ಡಾಂಗಲ್‌ಗೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನ ವಿಂಡೋಸ್ ಪಿಸಿಯೇ ಗತಿ.