ಟಿಶ್ಯೂ ಕಲ್ಚರ್ ರಸಬಾಳೆಗೆ ಸೊರಗು ರೋಗ ಬರುವುದಿಲ್ಲವೇ?

ನಂಜನಗೂಡು ರಸಬಾಳೆಯ ಟಿಶ್ಯೂ ಕಲ್ಚರ್ ಗಿಡ (ಲ್ಯಾಬಿನಲ್ಲಿ ಅಂಗಾಂಶದಿಂದ ಬೆಳೆಸಿದ ಗಿಡ) ಹಾಕಿದರೆ ಪನಾಮ ಸೊರಗು ರೋಗದಿಂದ ಪಾರಾಗಬಹುದೇ, ಬೇಲಿಯಂಚಿನ ಬೀಜದ ಬಾಳೆ ಕಿತ್ತುಹಾಕಲೇ ಎಂದು ಕೇಳಿದ್ದೀರಿ.

ಲ್ಯಾಬಿನಿಂದ ಬರುವಾಗ ಗಿಡ ರೋಗಮುಕ್ತ, ಅಷ್ಟೇ. ತಳಿ ಅದೇ, ದೌರ್ಬಲ್ಯವೂ ಅದೇ. ಸೊರಗು ರೋಗ ತರುವ ಶಿಲೀಂಧ್ರ ಬಾಳೆ ಇಲ್ಲದಿದ್ದರೂ ದಶಕಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ. ಹಿಂದೆ ಸೊರಗಿದ ಜಾಗವಾದರೆ ದಯವಿಟ್ಟು ಅಲ್ಲಿ ನೆಡಬೇಡಿ. ಅನುಮಾನ ಬಂದ ಗಿಡದ ಗೆಡ್ಡೆಯನ್ನು ಅಡ್ಡ ಕೊಯ್ದು ನೋಡಿ: ಬಿಳಿ ತಿರುಳಿನಲ್ಲಿ ಕೆಂಗಂದು ಚುಕ್ಕೆ, ಗೆರೆ ಕಂಡರೆ ಅದೇ ರೋಗ. ಅಂಥ ಬುಡದ ಕಂದು, ಅಂದರೆ ಮರಿಗಿಡ, ಯಾರಿಗೂ ಕೊಡಬೇಡಿ.

ರಸಬಾಳೆಯಲ್ಲಿ ಬೀಜವಿಲ್ಲ. ಕಂದಿನಿಂದ ಕಂದಿಗೆ ಸಾಗಿಬಂದ ಗಿಡಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚು. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗಲುತ್ತದೆ. ಲ್ಯಾಟಿನ್ ಅಮೆರಿಕದ ಗ್ರೋ ಮಿಷೆಲ್ ಎಂಬ ಬಾಳೆ ತಳಿಯ ತೋಟಗಳು 1950ರ ದಶಕದ ಹೊತ್ತಿಗೆ ನೆಲಕಚ್ಚಿದ್ದು ಹೀಗೆಯೇ. ಅದರ ಜಾಗಕ್ಕೆ ಬಂದ ಕ್ಯಾವೆಂಡಿಷ್, ಅಂದರೆ ನಮ್ಮ ಪಚ್ಚಬಾಳೆಯ ಬಳಗ, ಈಗ ಅದೇ ರೋಗದ ಟಿಆರ್4 ಎಂಬ ಬಗೆಗೆ ತುತ್ತಾಗುತ್ತಿದೆ.

ಆದ್ದರಿಂದಲೇ ಬೀಜದ ಬಾಳೆ ಕೀಳಬೇಡಿ. ತಿನ್ನಲು ಬಾರದಿದ್ದರೂ ತಳಿ ಬೆರೆಸುವವರಿಗೆ ಬೇಕಾದ ವೈವಿಧ್ಯ ಅಂಥವುಗಳಲ್ಲೇ ಉಳಿದಿರುವುದು. ಅದು ಕಂದು ಹಾಕುತ್ತದೆಯೇ ಗಮನಿಸಿ. ಹಾಕದೆ ಒಂಟಿಯಾಗಿ ಬೆಳೆದರೆ ಕಲ್ಲುಬಾಳೆ ಇರಬಹುದು. ಅದು ಬೇರೆಯೇ ಕುಲ, ಬಾಳೆಯ ಜೊತೆ ಕೂಡುವುದಿಲ್ಲ, ಆದರೂ ಉಳಿಸಬೇಕಾದ ಗಿಡವೇ. ಕಂದು ಹಾಕಿದರೆ ಹೂ, ಕಾಯಿ, ಬೀಜದ ಫೋಟೋ ತೆಗೆದು ತಿರುಚ್ಚಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರಕ್ಕೆ ಬರೆಯಿರಿ. ತಳಿ ಸಂಗ್ರಹ ಅವರ ಕೆಲಸವೇ.