ಅಜ್ಜನ ನೆನಪುಗಳನ್ನು ಅಚ್ಚು ಹಾಕಿಸುವಾಗ

ಪ್ರಶ್ನೆ: ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದ ನಮ್ಮ ಅಜ್ಜ ಬರೆದಿಟ್ಟ ಬಾಳಿನ ನೆನಪುಗಳು ಅಟ್ಟದ ಮೇಲೆ ಸಿಕ್ಕಿವೆ. ಅಚ್ಚು ಹಾಕಿಸಬೇಕೆಂದಿದ್ದೇವೆ. ಊರಿನ ಮಠವನ್ನೂ ಗೌಡರ ಮನೆತನವನ್ನೂ ಟೀಕಿಸಿದ ಭಾಗಗಳನ್ನು ತೆಗೆಯಿರೆಂದು ಹಿರಿಯರು ಹೇಳುತ್ತಾರೆ. ಹೆಸರಿಲ್ಲದವರ ಇಂಥ ಬರಹದಿಂದ ಒಂದು ಸೀಮೆಯ ಸಾಹಿತ್ಯಕ್ಕೆ ಏನು ಪ್ರಯೋಜನ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಯಾವುದನ್ನು ಉಳಿಸಬೇಕೆಂಬುದೂ ಅದರಿಂದಲೇ ತಿಳಿಯುತ್ತದೆ. ಫ್ರಾನ್ಸಿನ ಪಶ್ಚಿಮ ಅಂಚಿನ ಬ್ರಿಟನಿಯಲ್ಲಿ 1834ರಲ್ಲಿ ಹುಟ್ಟಿದ ಜಾಂ-ಮಾರಿ ದೆಗಿನ್ಯೆ ಎಂಬಾತ ಬಾಲ್ಯದಲ್ಲಿ ಮನೆಮನೆಗೆ ತಿರುಗಿ ಭಿಕ್ಷೆ ಬೇಡಿ, ದನ ಕಾಯ್ದು, ತಾನಾಗಿ ಅಕ್ಷರ ಕಲಿತು, ಸಿಪಾಯಿಯಾಗಿ ಕ್ರಿಮಿಯಾ, ಮೆಕ್ಸಿಕೋಗಳವರೆಗೆ ಹೋಗಿಬಂದು, ಮತ್ತೆ ಒಕ್ಕಲುತನ ಮಾಡಿ, ಮುಪ್ಪಿನ ಬಡತನದಲ್ಲಿ ತನ್ನ ಬಾಳನ್ನು ಬರೆದಿಟ್ಟ. ಆ ನಾಡಿನ ದಂತಕಥೆಗಳನ್ನು ಸಂಗ್ರಹಿಸಿ ಹೆಸರಾಗಿದ್ದ ಅನತೋಲ್ ಲ ಬ್ರಾಜ್ ಹಸ್ತಪ್ರತಿಯನ್ನು ಕೊಂಡು, ಮೊದಲ ಭಾಗವನ್ನಷ್ಟೇ 1904–05ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತನ್ನ ಬರಹ ಕೈತಪ್ಪಿತೆಂದು ನಂಬಿದ್ದ ದೆಗಿನ್ಯೆ ಅಷ್ಟರಲ್ಲಿ ಇಡೀ ಕಥೆಯನ್ನು ಮತ್ತೊಮ್ಮೆ ಬರೆದಿದ್ದ. ಬಂಧುಗಳ ಮನೆಯಲ್ಲಿ ಉಳಿದಿದ್ದ ಆ ಎರಡನೆಯ ಪ್ರತಿಯೇ 1998ರಲ್ಲಿ ಬೆರ್ನೆಜ್ ರೂಜ್ ಅವರ ಸಂಪಾದನೆಯಲ್ಲಿ ಸಂಕ್ಷಿಪ್ತವಾಗಿ, 2001ರಲ್ಲಿ ಪೂರ್ಣವಾಗಿ ಹೊರಬಂದು ಅಪಾರ ಓದುಗರನ್ನು ಪಡೆಯಿತು.

ಅದರಲ್ಲಿ ಪಾದ್ರಿಗಳು, ಜಮೀನುದಾರರು, ಕೊನೆಗೆ ಬ್ರೆಟನ್ ಸಂಸ್ಕೃತಿಯ ಅಭಿಮಾನಿಗಳ ಮೇಲೂ ಕಿಡಿ ಕಾರುವ ಪುಟಗಳಿವೆ. ಬ್ರಿಟನಿಯೆಂದರೆ ದೈವಭೀರುಗಳಾದ, ಹಳೆಯ ಪದ್ಧತಿ ಬಿಡದ ರೈತರ ನಾಡೆಂದು ಅದುವರೆಗೆ ಚಿತ್ರಿಸಿದವರಲ್ಲಿ ಓದಿದ ಪಟ್ಟಣಿಗರೇ ಹೆಚ್ಚು. ಅದೇ ನಾಡಿನ ರೈತ ಸ್ವತಃ ಬರೆದಾಗ ಆ ಚಿತ್ರ ನಿಲ್ಲಲಿಲ್ಲ. ಸಿಟ್ಟಿನ ಪುಟಗಳನ್ನು ಸಂಪಾದಕರು ಕಿತ್ತಿದ್ದರೆ ಹಳೆಯ ಚಿತ್ರಕ್ಕೇ ಇನ್ನೊಂದು ಸಾಕ್ಷಿ ಸೇರುತ್ತಿತ್ತು, ಅಷ್ಟೆ.

ನಿಮ್ಮ ಅಜ್ಜನ ಬರಹವೂ ಇದೇ ದೃಷ್ಟಿಯಿಂದ ಅಮೂಲ್ಯ. 1956ರ ಏಕೀಕರಣದವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ಸೀಮೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ ಮಾಸ್ತರರು ಕಂಡದ್ದನ್ನು ಧಾರವಾಡದ ಪ್ರಸಿದ್ಧ ಲೇಖಕರು ಪೂರ್ತಿ ಹೇಳಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ಆದ್ದರಿಂದ ಟೀಕೆಯ ಭಾಗಗಳನ್ನು ತೆಗೆಯಬೇಡಿ. ಬದುಕಿರುವವರ ಮೇಲೆ ಆರೋಪವಿದ್ದರೆ ಮಾತ್ರ ವಕೀಲರನ್ನು ಕೇಳಿ, ಏನಾದರೂ ಬಿಡಬೇಕಾಗಿ ಬಂದರೆ ಅಲ್ಲಿ ಬಿಟ್ಟಿದೆಯೆಂದು ಗುರುತು ಹಾಕಿ.

ಭಾಷೆಯನ್ನೂ ತಿದ್ದಬೇಡಿ. ಅವರು ‘ಹೋಗ್ತೇನಿ’ ಎಂದು ಬರೆದಲ್ಲಿ ‘ಹೋಗುತ್ತೇನೆ’ ಎಂದು ಮಾಡಿದರೆ ಬರೆದವರ ಊರೇ ಅಳಿಸಿಹೋಗುತ್ತದೆ. ಹಳೆಯ ಅಳತೆಗಳಿಗೂ ಮರಾಠಿ ಮಾತುಗಳಿಗೂ ಪುಟದ ಕೆಳಗೆ ಟಿಪ್ಪಣಿ ಕೊಡಿ. ಇಸವಿಯ ಬದಲು ಸಂವತ್ಸರದ ಹೆಸರಷ್ಟೇ ಇದ್ದರೆ ಎಚ್ಚರ ಬೇಕು. ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ, ಬರಹದಲ್ಲಿ ಬರುವ ಬರಗಾಲ, ಪ್ಲೇಗು, ಚಳವಳಿಗಳೊಡನೆ ತಾಳೆ ನೋಡಿಯೇ ಇಸವಿಯನ್ನು ನಿರ್ಧರಿಸಬೇಕು. ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿಯ ಹಾಳೆಗಳಿದ್ದರೆ ಬಲ್ಲವರಿಂದ ಓದಿಸಿ. ಎಲ್ಲಕ್ಕಿಂತ ಮೊದಲು ಪ್ರತಿ ಪುಟವನ್ನೂ, ಖಾಲಿ ಪುಟಗಳನ್ನೂ ಸೇರಿಸಿ, ಸ್ಕ್ಯಾನ್ ಮಾಡಿಸಿಡಿ.

ಹಿರಿಯರ ಆಕ್ಷೇಪವನ್ನೂ ತಳ್ಳಿಹಾಕಬೇಡಿ. ಮಠದ ಬಗ್ಗೆ ಅಜ್ಜ ಬರೆದದ್ದು ತಪ್ಪೆಂದು ಅವರಿಗೆ ಅನ್ನಿಸಿದ್ದರೆ, ತಾವು ತಿಳಿದದ್ದನ್ನು ತಮ್ಮ ಹೆಸರಿನಲ್ಲೇ ಬರೆಯಲು ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟ ಬಿಟ್ಟುಕೊಡಿ.