ಸಂಪಾದಕರ ಉತ್ತರ: ಸಿನಿಮಾ ಹಾಡು ಹಾಡಿದರೆ ನನ್ನ ಹಾಡೂ ಕೇಳ್ತಾರಾ?

ಶಹಾಪುರದ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

"ಸರ್, ನಮಸ್ಕಾರ್ರಿ. ನಾನು ಕಲಬುರಗಿಯಾಗ ಡಿಗ್ರಿ ಕೊನೀ ವರ್ಷ ಓದ್ಲಿಕತ್ತೀನಿ. ಯೂಟ್ಯೂಬ್‌ನಾಗ ಹಳೇ ಕನ್ನಡ ಸಿನಿಮಾ ಹಾಡಿನ ಕವರ್ ಹಾಕ್ತೀನಿ, ಅಂದ್ರ ಅದೇ ಹಾಡು ನನ್ನ ದನಿಯಾಗ. ಒಂದಕ್ಕ 40 ಸಾವಿರ ವ್ಯೂಸ್ ಬಂತು. ಆ ಧೈರ್ಯದ ಮ್ಯಾಲೆ ನಾನೇ ಬರೆದು, ನಾನೇ ರಾಗ ಹಾಕಿದ ಹಾಡು ಬಿಟ್ಟೆ. 300 ದಾಟಲಿಲ್ಲ. ಅದರಾಗ ಅರ್ಧ ನಮ್ಮ ಮನಿ ಮಂದೀನೇ. ಇದರ ಮ್ಯಾಲೆ ಕವರ್‌ಗೆ ಕಾಪಿರೈಟ್ ಕ್ಲೇಮ್ ಅಂತ ಮೇಲ್ ಬಂದದ. ಕೇಸ್ ಆಗ್ತದೇನ್ರಿ? ನಮ್ಮಪ್ಪ, 'ಜನಕ್ಕ ಬೇಕಾದ್ದು ಹಾಡು, ನಿಂದು ಆಮ್ಯಾಲೆ ನೋಡಮು' ಅಂತಾರ. ಕವರ್ ಬಿಡ್ಲೋ, ಹಿಡೀಲೋ? ಇನ್ನೊಂದು ಸಣ್ಣ ಪ್ರಶ್ನೆ: ವಿಡಿಯೊಕ್ಕ ಹೆಸರು ಕನ್ನಡದಾಗ ಕೊಡಬೇಕೋ, ಇಂಗ್ಲಿಷ್ ಅಕ್ಷರದಾಗೋ?"

ಪ್ರಿಯ ತಂಗಿ,

ಮೊದಲು ಹೆದರಿಕೆ ಬಿಡಿ. ನಿಮಗೆ ಬಂದಿರುವುದು ಕ್ಲೇಮ್. ಸ್ಟ್ರೈಕ್ ಬೇರೆ. ಎರಡೂ ಒಂದೇ ಅಂದುಕೊಂಡು ಗಾಬರಿಯಲ್ಲಿ ವಿಡಿಯೊ ಅಳಿಸಿಬಿಡುವವರು ಬಹಳ ಜನ ಇದ್ದಾರೆ.

ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಅಂತ ಒಂದು ವ್ಯವಸ್ಥೆ 2007ರಿಂದ ಇದೆ. ಹಾಡಿನ ಹಕ್ಕು ಇರುವವರು ತಮ್ಮ ಹಾಡುಗಳನ್ನು ಅದಕ್ಕೆ ಕೊಟ್ಟಿರುತ್ತಾರೆ. ಯಾರು ಏನೇ ಅಪ್‌ಲೋಡ್ ಮಾಡಿದರೂ ಅದು ಹೋಲಿಸಿ ನೋಡುತ್ತದೆ. ನೀವೇ ಹೊಸದಾಗಿ ಹಾಡಿದರೂ ಧಾಟಿ ಹಿಡಿದು ಗುರುತಿಸುತ್ತದೆ. ಗುರುತು ಸಿಕ್ಕಾಗ ಹಕ್ಕುದಾರರು ವಿಡಿಯೊ ತಡೆಯಬಹುದು, ಜಾಹೀರಾತಿನ ಹಣ ತಾವು ತಗೊಳ್ಳಬಹುದು, ಇಲ್ಲವೇ ಎಷ್ಟು ಜನ ನೋಡಿದರು ಎಂದು ಲೆಕ್ಕವನ್ನಷ್ಟೇ ಇಟ್ಟುಕೊಳ್ಳಬಹುದು. ನಿಮ್ಮ ವಿಡಿಯೊ ಇನ್ನೂ ಅಲ್ಲೇ ಇದೆ, ನಾನು ನೋಡಿದೆ. ಹಾಗಾಗಿ ಕೇಸಿನ ಮಾತು ಸದ್ಯಕ್ಕೆ ಇಲ್ಲ. ಹಣದ ಚಿಂತೆಯೂ ಬೇಡ. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೊಗಳನ್ನು 4,000 ಗಂಟೆ ನೋಡಿರಬೇಕು. ನಿಮ್ಮ ಚಾನೆಲ್ ಇನ್ನೂ ಅಲ್ಲಿಗೆ ಬಂದಿಲ್ಲ. ಸಿಗದ ದುಡ್ಡು ಹೋಯಿತು ಅಂತ ಕೊರಗುವುದು ಯಾಕೆ?

ಸ್ಟ್ರೈಕ್ ಅಂದರೆ ಹಕ್ಕುದಾರರೇ ಕಾನೂನಿನ ಪ್ರಕಾರ ಬರೆದುಕೊಟ್ಟು ವಿಡಿಯೊ ತೆಗೆಸುವುದು. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಅದಕ್ಕೇ ಹೇಳುತ್ತೇನೆ, "ನಾನೇ ಹಾಡಿದ್ದು, ನನ್ನದೇ ದನಿ" ಎಂದು ಕ್ಲೇಮ್ ವಿರುದ್ಧ ತಕರಾರು ಹಾಕಬೇಡಿ. ದನಿ ನಿಮ್ಮದೇ, ಖರೆ. ಸಾಹಿತ್ಯ ಬರೆದವರು, ರಾಗ ಹಾಕಿದವರು ಬೇರೆ. ತಕರಾರು ಒಪ್ಪದೆ ಅವರು ವಿಡಿಯೊ ತೆಗೆಸಲು ಹೊರಟರೆ ಆಗ ಸ್ಟ್ರೈಕ್ ಬೀಳುತ್ತದೆ. ವಿಡಿಯೊ ಕೆಳಗೆ "ಕಾಪಿರೈಟ್ ಉಲ್ಲಂಘನೆಯ ಉದ್ದೇಶವಿಲ್ಲ" ಎಂದು ಬರೆದಿದ್ದೀರಿ. ಆ ಸಾಲಿನಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಅದನ್ನು ತೆಗೆದು, ಅದೇ ಜಾಗದಲ್ಲಿ ಸಾಹಿತ್ಯ ಬರೆದವರ, ಸಂಗೀತ ನಿರ್ದೇಶಕರ, ಮೊದಲು ಹಾಡಿದವರ ಹೆಸರು ಹಾಕಿ. ಅವರ ಶ್ರಮದ ಮೇಲೆ ನಿಂತು ಹಾಡುತ್ತಿದ್ದೀರಿ, ಅಷ್ಟು ಮಾಡಲೇಬೇಕು.

ಒಂದು ಮಾತ್ರ ಕೂಡಲೇ ಬದಲಿಸಿ. ಕರೋಕೆ ಟ್ರ್ಯಾಕ್ ಎಲ್ಲಿಂದಲೋ ಇಳಿಸಿಕೊಂಡು ಹಾಡುತ್ತಿದ್ದೀರಿ. ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗದ್ದು ಒಂದು, ಆ ರೆಕಾರ್ಡಿಂಗ್‌ದು ಇನ್ನೊಂದು. ಬೇರೆಯವರ ಟ್ರ್ಯಾಕ್ ಬಳಸಿದರೆ ಎರಡನೆಯದನ್ನೂ ಮುಟ್ಟಿದ ಹಾಗೆ ಆಗುತ್ತದೆ. ಹಾರ್ಮೋನಿಯಂ ಮುಂದೆ ಕೂತು ಹಾಡಿ, ಗೆಳತಿಯ ಗಿಟಾರ್ ಇದ್ದರೆ ಅದನ್ನು ತರಿಸಿ. ಸಾಹಿತ್ಯ, ರಾಗದ ಮಾತು ಆಗಲೂ ಇದ್ದೇ ಇರುತ್ತದೆ. ರೆಕಾರ್ಡಿಂಗಿನ ತಂಟೆಯಾದರೂ ತಪ್ಪುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಚಾನೆಲ್‌ನ ವಿಡಿಯೊಗಳನ್ನೆಲ್ಲ ಕೂತು ನೋಡಿದೆ. ಕೆಳಗೆ ಜನ ಬರೆದದ್ದನ್ನೂ ಓದಿದೆ. 40 ಸಾವಿರದ ಆ ಕವರ್ ಕೆಳಗೆ ಜನ ಏನು ಬರೆದಿದ್ದಾರೆ ಗಮನಿಸಿದ್ದೀರಾ? "ನಮ್ಮ ಮದುವಿ ಟೈಮಿನ ಹಾಡು", "ಎಂಥಾ ಸಿನಿಮಾ ಅದು", "ಅಣ್ಣಾವ್ರ ಕಾಲ ಮತ್ತ ಬರಂಗಿಲ್ಲ". ಪ್ರೀತಿಯ ಮಾತುಗಳೇ. ಆದರೆ ಹಾಡುತ್ತಿರುವವರು ಯಾರು, ಯಾವೂರು ಅಂತ ಯಾರೂ ಕೇಳಿಲ್ಲ. ಅವರು ಹಾಡಿನ ಹೆಸರು ಹುಡುಕಿಕೊಂಡು ಬಂದರು, ಹಾಡು ಸಿಕ್ಕಿತು, ಹೋದರು. ನೀವು ಮೂಲ ಗಾಯಕಿಯ ಉಸಿರು, ತಿರುವು, ಕಂಪನ ಎಲ್ಲವನ್ನೂ ಹಾಗೇ ಹಾಡಿದ್ದೀರಿ. ಸಾಧನೆ ದೊಡ್ಡದೇ. ಆದರೆ ಅಷ್ಟು ಹಾಗೇ ಹಾಡಿದರೆ ಕೇಳುಗರ ಕಿವಿಯಲ್ಲಿ ಮೂಲ ಗಾಯಕಿಯೇ ಉಳಿಯುತ್ತಾರೆ.

ನಿಮ್ಮ ಚಾನೆಲ್‌ನಲ್ಲಿ ಇನ್ನೊಂದು ವಿಡಿಯೊ ಇದೆ. ನೀವು ಅದರ ಬಗ್ಗೆ ಪತ್ರದಲ್ಲಿ ಒಂದಕ್ಷರ ಬರೆದಿಲ್ಲ. ನಿಮ್ಮ ಅಜ್ಜ ಏಕತಾರಿ ಹಿಡಿದಿದ್ದಾರೆ, ಪಕ್ಕದಲ್ಲಿ ಒಬ್ಬರು ದಮ್ಮಡಿ ಬಾರಿಸುತ್ತಿದ್ದಾರೆ, ನೀವು ಹಿಂದೆ ಕೂತು ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಎತ್ತಿಕೊಡುತ್ತೀರಿ. ಫೋನ್ ಅಲ್ಲಾಡುತ್ತದೆ. ಮಧ್ಯೆ ಒಂದು ಮಗು ಅಳುತ್ತದೆ. ಪಲ್ಲವಿ ಎರಡನೇ ಸಲ ಬರುವಾಗ ಅಜ್ಜ ಸುಮ್ಮನಾಗುತ್ತಾರೆ, ನೀವೊಬ್ಬರೇ ಎತ್ತರದ ಸ್ವರಕ್ಕೆ ಹೋಗುತ್ತೀರಿ. ಅಲ್ಲಿ ನಿಮ್ಮ ದನಿ ಸ್ವಲ್ಪ ಒಡೆಯುತ್ತದೆ. ಒಡೆದ ಜಾಗದಲ್ಲೇ ನಿಲ್ಲಿಸಿ, ತಾಳಕ್ಕೆ ಬಿಟ್ಟು, ಮತ್ತೆ ಹಿಡಿಯುತ್ತೀರಿ. ಇದನ್ನು ನೋಡಿದವರು ಕಡಿಮೆ. ಆದರೆ ಅವರಲ್ಲೇ ಮೂರ್ನಾಲ್ಕು ಜನ ಕೇಳಿದ್ದಾರೆ: "ಯಾರವ್ವ ನೀನು?" "ಯಾವೂರು ಭಜನಾ ಮೇಳ?" "ಇನ್ನಾ ಹಾಕ್ರಿ." ತಂಗಿ, ನಿಮ್ಮ ಕೇಳುಗರು ಇವರು. ನಿಮ್ಮ ಸ್ವಂತ ಹಾಡು ಬಂದಾಗ ಮೊದಲು ಕೇಳುವವರೂ ಇವರೇ. ಅವರಿಗೆ ನೀವು ಉತ್ತರವನ್ನೇ ಕೊಟ್ಟಿಲ್ಲ. ಇವತ್ತೇ ಕೊಡಿ.

ಕವರ್‌ನಿಂದ ಲಾಭ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೊಸ ಹಾಡನ್ನು ಯಾರೂ ಹುಡುಕುವುದಿಲ್ಲ, ಅದರ ಹೆಸರೇ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿರುವ ಹಾಡಿನ ಬಾಗಿಲಿಂದ ಜನ ಒಳಗೆ ಬರುತ್ತಾರೆ. ಒಳಗೆ ಬಂದವರಿಗೆ ನೀವು ಕಾಣಬೇಕು, ಅಷ್ಟೇ. ಅದಕ್ಕೆ ಕವರ್ ಆರಿಸುವಾಗಲೇ ಒಂದು ಪರೀಕ್ಷೆ ಇಟ್ಟುಕೊಳ್ಳಿ. ನನ್ನ ಸ್ವಂತ ಹಾಡಿನಲ್ಲಿ ಇರುವಂಥದ್ದೇನಾದರೂ ಇದರಲ್ಲಿ ಇದೆಯಾ? ನಿಮ್ಮ ಹಾಡು ನಿಧಾನದ್ದು, ಹಾರ್ಮೋನಿಯಂ ಮೇಲೆ ಕಟ್ಟಿದ್ದು, ಮಾತು ನಮ್ಮ ಕಡೆಯದು. ಕುಣಿಯುವ ಡ್ಯುಯೆಟ್ ಕೇಳಲು ಬಂದವರು ಅದನ್ನು ಯಾಕೆ ಕೇಳುತ್ತಾರೆ? ಅವರ ರುಚಿಯೇ ಬೇರೆ. ನಿಮ್ಮ ಹಾಡು 300ಕ್ಕೆ ನಿಂತದ್ದು ಅದು ಕೆಟ್ಟದ್ದು ಎಂದಲ್ಲ. ಬೇರೆ ಸಂತೆಯಲ್ಲಿ ನಿಂತು ಮಾರಿದ್ದೀರಿ.

ನಮ್ಮ ಕಡೆಯ ಹಾಡುಗಾರರಿಗೆ ನಾನು ಯಾವಾಗಲೂ ಹೇಳುವ ಮಾತು ಒಂದಿದೆ. ನಿಮಗೆ ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕವರ್ ಮತ್ತು ಸ್ವಂತ ಹಾಡಿನ ನಡುವೆ ಇನ್ನೊಂದು ದಾರಿ ಇದೆ. ಬೇರೆ ಕಡೆಯವರಿಗಿಂತ ನಮಗೆ ಅದು ಜಾಸ್ತಿ ಹತ್ತಿರ. ವಚನ ಮತ್ತು ತತ್ವಪದ.

ನಮ್ಮ ದೇಶದ ಕಾಪಿರೈಟ್ ಕಾಯಿದೆ 1957ರದು. ಅದರ ಪ್ರಕಾರ ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಸಾಹಿತ್ಯದ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಯ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ಶಿಶುನಾಳ ಶರೀಫರು 1889ರಲ್ಲೇ ಹೋದರು. ಅವರ ಪದಗಳು ಎಲ್ಲರವು. ಬಸವಣ್ಣ, ಅಕ್ಕಮಹಾದೇವಿಯವರ ವಚನಗಳು 12ನೇ ಶತಮಾನದವು. ಮಡಿವಾಳಪ್ಪನವರ ಪದಗಳಿಗೂ, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರ ಪದಗಳಿಗೂ ಯಾರ ಅನುಮತಿಯೂ ಬೇಡ.

ಇಲ್ಲಿ ಒಂದು ಎಚ್ಚರ ಬೇಕು. ಸಾಹಿತ್ಯ ಎಲ್ಲರದು ಅಂದ ಮಾತ್ರಕ್ಕೆ ಧಾಟಿಯೂ ಎಲ್ಲರದಲ್ಲ. ಶರೀಫರ ಪದಗಳಿಗೆ ಸಿ. ಅಶ್ವತ್ಥ್ ಹಾಕಿದ ರಾಗಗಳು ಇವತ್ತು ಮನೆಮನೆಯಲ್ಲಿವೆ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ಆ ರಾಗಗಳ ಹಕ್ಕು ಇನ್ನೂ ಬಹಳ ವರ್ಷ ಇರುತ್ತದೆ. ಅದೇ ರಾಗದಲ್ಲಿ ಹಾಡಿದರೆ ಅದು ಕವರ್. ಪದ ಇಟ್ಟುಕೊಂಡು ನೀವೇ ರಾಗ ಹಾಕಿದರೆ ಆ ರಾಗ ನಿಮ್ಮದು. ಜನ ಶರೀಫರ ಹೆಸರು ಹುಡುಕಿಕೊಂಡು ಬರುತ್ತಾರೆ, ಕೇಳುವುದು ನಿಮ್ಮ ಸಂಗೀತ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಶರೀಫರ ಪದವನ್ನು ಅವರು ತಮ್ಮದೇ ರೀತಿಯಲ್ಲಿ ಅದರಲ್ಲಿ ಹಾಡಿದರು, ತಮ್ಮ ಸ್ವಂತ ಹಾಡುಗಳನ್ನೂ ಪಕ್ಕದಲ್ಲೇ ಇಟ್ಟರು. ಪದ ಕೇಳಲು ಬಂದವರು ಪಕ್ಕದ ಹಾಡನ್ನೂ ಕೇಳಿದರು. ನಿಮ್ಮ ಚಾನೆಲ್‌ನಲ್ಲಿ ಆಗಬೇಕಾದ್ದು ಇದೇ.

ಅಜ್ಜನ ಮೇಳದಲ್ಲಿ ಹಾಡುವ ಧಾಟಿ ತಲೆಮಾರಿನಿಂದ ಬಂದದ್ದು. ಅದನ್ನು ಹಾಡಿ, ಆದರೆ "ಸಂಗೀತ" ಎಂಬ ಕಡೆ ನಿಮ್ಮ ಹೆಸರು ಹಾಕಬೇಡಿ. "ಸಾಂಪ್ರದಾಯಿಕ" ಎಂದು ಬರೆದು, ಯಾವ ಊರಿನ ಮೇಳದಿಂದ ಕಲಿತದ್ದು ಎಂದು ಹೇಳಿ. ಕಲಿಸಿದವರ ಹೆಸರು ಬಿಟ್ಟು ಪದವನ್ನು ತಮ್ಮದೆಂದು ಹಾಕಿಕೊಳ್ಳುವ ಚಾನೆಲ್‌ಗಳು ಈಗ ಹೆಚ್ಚಾಗಿವೆ. ನನಗೆ ಅದು ಬಹಳ ನೋವು ಕೊಡುತ್ತದೆ. ರಾತ್ರಿಯೆಲ್ಲ ಕೂತು ಪದ ಹಾಡುವ ಆ ಹಿರಿಯರಿಗೆ ಸಿಗುವುದು ಒಂದು ಶಾಲು, ಒಂದು ತೆಂಗಿನಕಾಯಿ. ಹೆಸರನ್ನಾದರೂ ಕೊಡಬೇಕಲ್ವಾ?

ಇನ್ನೊಂದು ಅಭ್ಯಾಸದಿಂದಲೂ ದೂರ ಇರಿ. ಸಿನಿಮಾ ಹಾಡಿನ ಧಾಟಿಗೆ ನಮ್ಮ ಭಾಷೆಯ ಮಾತು ಕೂರಿಸಿ ಹಾಡುವುದು ನಮ್ಮಲ್ಲಿ ಜೋರಾಗಿದೆ. ಭಜನೆಯಿಂದ ಹಿಡಿದು ಡಿಜೆ ಹಾಡಿನವರೆಗೆ ಇದೇ ಆಗಿದೆ. ಇದ್ದ ಹಾಡನ್ನು ಇದ್ದ ಹಾಗೆ ಹಾಡುವುದಕ್ಕಿಂತ ಇದು ಜಾಸ್ತಿ ತೊಂದರೆ. ಮಾತು ಬದಲಿಸಲು ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ನಿಮಗೂ ಅದರಿಂದ ಏನೂ ದಕ್ಕುವುದಿಲ್ಲ. ಒಳ್ಳೆಯ ಸಾಹಿತ್ಯ ಬರೆದು ಬೇರೆಯವರ ರಾಗಕ್ಕೆ ಒಪ್ಪಿಸಿದಂತೆ ಆಗುತ್ತದೆ.

ಸ್ಪಾಟಿಫೈನಂಥ ಕಡೆ ಕವರ್ ಬಿಡುಗಡೆ ಮಾಡುವ ಆಸೆ ಇದ್ದರೆ ಸದ್ಯಕ್ಕೆ ಬೇಡ. ಅಲ್ಲಿ ಲೈಸೆನ್ಸ್ ಕೇಳುತ್ತಾರೆ. ನಮ್ಮ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲಿ ಕವರ್‌ಗೆ ಒಂದು ದಾರಿ ಇಟ್ಟಿದ್ದಾರೆ, ನಿಜ. ಮೊದಲ ರೆಕಾರ್ಡಿಂಗ್ ಬಂದ ವರ್ಷ ಮುಗಿದು ಐದು ವರ್ಷ ಆಗಿರಬೇಕು, ಮೊದಲೇ ನೋಟಿಸ್ ಕೊಡಬೇಕು, ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಇದು ಕ್ಯಾಸೆಟ್, ಸಿಡಿ ಕಂಪನಿಗಳ ಲೆಕ್ಕ. ಹಾಸ್ಟೆಲ್ ಕೋಣೆಯಲ್ಲಿ ಹಾಡುವ ನಿಮ್ಮಂಥವರಿಗೆ ಆಗುವ ಮಾತಲ್ಲ. ಕವರ್ ಯೂಟ್ಯೂಬ್‌ನಲ್ಲೇ ಇರಲಿ. ಸ್ಪಾಟಿಫೈನಂಥ ಕಡೆಗೆ ನಿಮ್ಮ ಸ್ವಂತ ಹಾಡು ಮತ್ತು ನೀವು ರಾಗ ಹಾಕಿದ ಪದಗಳನ್ನು ಮಾತ್ರ ಕಳಿಸಿ. ಮುಂದೆ ಸ್ವಂತ ಹಾಡು ಹೆಚ್ಚಾದಾಗ ಐಪಿಆರ್‌ಎಸ್ ಸದಸ್ಯತ್ವದ ಬಗ್ಗೆ ವಿಚಾರಿಸಿ. 1969ರಲ್ಲಿ ಶುರುವಾದ ಈ ಸಂಸ್ಥೆ ಹಾಡು ಬರೆದವರ, ರಾಗ ಹಾಕಿದವರ ಪಾಲಿನ ರಾಯಧನ ವಸೂಲಿ ಮಾಡಿಕೊಡುತ್ತದೆ. ನೀವು ಎರಡನ್ನೂ ಮಾಡುವವರು.

ನಿಮ್ಮ ತಂದೆಯ ಮಾತನ್ನು ತಳ್ಳಿಹಾಕಬೇಡಿ. ಮದುವೆ, ಜಾತ್ರೆ, ರಸಮಂಜರಿ ಕಾರ್ಯಕ್ರಮದಲ್ಲಿ ಜನಕ್ಕೆ ಬೇಕಾದ್ದೇ ಹಾಡಬೇಕು. ನಮ್ಮ ಕಡೆ ಹಾಡುಗಾರರ ಹೊಟ್ಟೆ ತುಂಬುವುದು ಅದರಿಂದಲೇ. ಮದುವೆಯಲ್ಲಿ ಹಾಡು ಹಾಡಿಸಿದರೆ ಕಾಪಿರೈಟ್ ಉಲ್ಲಂಘನೆ ಆಗುವುದಿಲ್ಲ ಎಂದು ಕಾಯಿದೆಯಲ್ಲೇ ಇದೆ. ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮಕ್ಕೆ ಲೈಸೆನ್ಸ್ ತಗೊಳ್ಳುವುದು ಸಂಘಟಕರ ಕೆಲಸ. ಅಲ್ಲಿ ಧಾರಾಳವಾಗಿ ಹಾಡಿ. ಆದರೆ ಊಟದ ಹೊತ್ತಿಗೆ ಗದ್ದಲ ಕಡಿಮೆ ಆದಾಗ, ಎರಡು ಸಿನಿಮಾ ಹಾಡಿನ ಮಧ್ಯೆ ನಿಮ್ಮದೊಂದು ಹಾಡಿ. "ಇದು ನಾನೇ ಬರೆದದ್ದು" ಎಂದು ಮೊದಲೇ ಹೇಳಿ. ಎದುರಿಗೆ ಕೂತವರ ಮುಖ ನೋಡಿದರೆ ಹಾಡಿನ ಯಾವ ಸಾಲು ಮುಟ್ಟಿತು, ಯಾವುದು ಜಾರಿತು ಅಂತ ಅಲ್ಲೇ ಗೊತ್ತಾಗುತ್ತದೆ. ಯೂಟ್ಯೂಬ್‌ನ ಯಾವ ಗ್ರಾಫೂ ಇದನ್ನು ಹೇಳಿಕೊಡುವುದಿಲ್ಲ. ಕಲಬುರಗಿ ಆಕಾಶವಾಣಿಗೂ ಹೋಗಿ, ಸುಗಮ ಸಂಗೀತ ಮತ್ತು ಜಾನಪದ ಆಡಿಷನ್ ಯಾವಾಗ ಎಂದು ಕೇಳಿ ಬನ್ನಿ. ಓದುತ್ತಿರುವ ಊರಲ್ಲೇ ಇದೆ.

ಇನ್ನು ವಿಡಿಯೊದ ಕೆಲಸ. ಈಗ ನಿಮ್ಮ ವಿಡಿಯೊ ಶುರುವಾದರೆ ಬಹಳ ಹೊತ್ತು ಬರೀ ಲೋಗೊ ತಿರುಗುತ್ತದೆ. ತೆಗೆದುಬಿಡಿ, ನೇರ ಹಾಡಿನಿಂದ ಶುರು ಮಾಡಿ. ಹಾಡು ಮುಗಿದ ತಕ್ಷಣ ಕ್ಯಾಮೆರಾ ನಿಲ್ಲಿಸಬೇಡಿ. ಹೆಸರು, ಊರು ಹೇಳಿ, ನಿಮ್ಮ ಸ್ವಂತ ಹಾಡಿನ ಪಲ್ಲವಿ ಒಂದು ಸಲ ಹಾಡಿ, ಪೂರ್ತಿ ಹಾಡಿನ ವಿಡಿಯೊ ಕೊನೆಯ ಪರದೆಯಲ್ಲಿ ಕಾಣುವಂತೆ ಜೋಡಿಸಿ.

ಹೆಸರಿನ ವಿಷಯ: ಎರಡೂ ಅಕ್ಷರದಲ್ಲಿ ಬರೆಯಿರಿ. ಮೊದಲು ಕನ್ನಡದಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ. ನಮ್ಮ ಜನ ಕನ್ನಡ ಹಾಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ಜಾಸ್ತಿ. ಹಾಡಿನ ಹೆಸರಿನ ಜೊತೆ ನಿಮ್ಮ ಹೆಸರು, ಶಹಾಪುರ ಎರಡೂ ಇರಲಿ. ಈಗ ಚಾನೆಲ್‌ಗೆ ಇಟ್ಟಿರುವ ಹೆಸರಿನಲ್ಲಿ "ಮೆಲೋಡಿ", "ಅಫಿಶಿಯಲ್" ಎರಡೂ ಇವೆ, ನಿಮ್ಮ ಹೆಸರೇ ಇಲ್ಲ. ಮೊದಲು ಅದನ್ನು ಬದಲಿಸಿ. ಪದಕ್ಕೆ ನೀವೇ ರಾಗ ಹಾಕಿದ್ದು ಒಂದು ರೆಕಾರ್ಡ್ ಆದ ಮೇಲೆ ಲಿಂಕ್ ಕಳಿಸಿ. ಕೇಳಿ ಬರೆಯುತ್ತೇನೆ.

ನಿಮ್ಮ
ಸಂಪಾದಕ